ಕೆರೆಗೋಡಿನಿಂದ ಕುಂಡದವರೆಗೆ: ಮಂಡ್ಯ ಸೀಮೆಯಲ್ಲಿ ಮಣ್ಣು ಬೆರೆಸಿದ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೊಲಗಳಲ್ಲಿ ಬಹುಪಾಲು ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಹುಟ್ಟಿದ ಕೆಂಪು ಮಣ್ಣು. ದಿಬ್ಬದ ಮೇಲೆ ಅದು ತೆಳುವಾದ ಮರಳುಗೆಂಪು; ಕೆಲವೆಡೆ ಗುದ್ದಲಿ ನಾಲ್ಕು ಸಲ ಬಿದ್ದರೆ ಗೊರಚು ಸಿಗುತ್ತದೆ. ಇಳಿಜಾರಿನಲ್ಲಿ ಮಣ್ಣಿನ ಆಳ ಹೆಚ್ಚುತ್ತ ಹೋಗಿ, ತಗ್ಗಿನ ಗದ್ದೆ ಬಯಲಿಗೆ ಬರುವಾಗ ಜೇಡಿಯ ಪಾಲು ಏರಿರುತ್ತದೆ. ವರ್ಷದ ಮಳೆ ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬೀಳುತ್ತದೆ. ನಡುವೆ ಹೊಲ ಒಣಗುತ್ತದೆ. ಕೆಮ್ಮಣ್ಣು ಬಿದ್ದ ನೀರನ್ನು ಬೇಗ ಕೆಳಗೆ ಬಿಟ್ಟುಬಿಡುತ್ತದೆ. ಸಾರಜನಕವೂ ಕೊಳೆತ ಸೊಪ್ಪುಸದೆಯ ಅಂಶವೂ ಅದರಲ್ಲಿ ಕಡಿಮೆ. ಹೀಗಾಗಿ ರಾಗಿ ಬೆಳೆಯುವವರು ಇಲ್ಲಿ ಇದ್ದ ಮಣ್ಣಿನಲ್ಲೇ ಬಿತ್ತಿ ಸುಮ್ಮನಿರಲಿಲ್ಲ. ಒಂದು ಕಡೆಯ ಮಣ್ಣನ್ನು ಇನ್ನೊಂದು ಕಡೆಗೆ ಸಾಗಿಸಿ, ಬೆರೆಸಿ, ಗೊಬ್ಬರ ಕೂಡಿಸಿ, ಬೆಳೆಗೆ ತಕ್ಕ ಮಣ್ಣನ್ನು ತಾವೇ ಮಾಡಿಕೊಂಡರು.

ಮಣ್ಣನ್ನು ಬೇರೆ ಬೇರೆಯಾಗಿ ಗುರುತಿಸುವುದು ಈ ಕೆಲಸದ ಮೊದಲ ಹೆಜ್ಜೆ. ಟಿಪ್ಪು ಮಡಿದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳ ಹಾದಿಯಾಗಿ ಶ್ರೀರಂಗಪಟ್ಟಣಕ್ಕೆ ಬಂದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಈ ಭಾಗದ ರೈತರು ಹೇಳಿದ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳು ಸಿಗುತ್ತವೆ. ಎರೆ ಎಂದರೆ ಕಪ್ಪು ಜೇಡಿ, ಕೆಬ್ಬೆ ಎಂದರೆ ಕೆಂಪು ನೆಲ. ಪ್ರಯೋಗಾಲಯ ಹುಟ್ಟುವ ಎಷ್ಟೋ ಕಾಲ ಮೊದಲೇ ಬಣ್ಣ, ಜಿಗುಟು, ನೀರು ನಿಲ್ಲುವ ಗುಣ ಈ ಮೂರರ ಮೇಲೆ ನೆಲವನ್ನು ವಿಂಗಡಿಸುವ ಪದ್ಧತಿ ಊರವರ ಬಳಿ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜೇಡಿಯ ಕಣಜ ಎಂದರೆ ಕೆರೆ. ದಿಬ್ಬದ ಹೊಲದಿಂದ ಮಳೆ ಕೊಚ್ಚಿಕೊಂಡು ಬಂದ ನುಣುಪು ಮಣ್ಣು, ಎಲೆ, ಸಗಣಿ ಎಲ್ಲವೂ ಕೆರೆಯಂಗಳದಲ್ಲಿ ಕೂರುತ್ತದೆ. ಅದೇ ಕೆರೆಗೋಡು. ನೀರು ಒಳಬರುವ ಬಾಯಿಯ ಹತ್ತಿರ ಭಾರದ ಮರಳು ಮೊದಲು ಕೆಳಗಿಳಿಯುತ್ತದೆ. ಹಗುರವಾದ ನುಣುಪು ಕಣ ಮುಂದೆ ಸಾಗಿ ಏರಿಯ ಬುಡದಲ್ಲಿ ನಿಲ್ಲುತ್ತದೆ. ಆದ್ದರಿಂದ ಒಂದೇ ಕೆರೆಯಲ್ಲಿ ಎರಡು ಬಗೆಯ ಸರಕು. ಹೊಲಕ್ಕೆ ಗೋಡು ಬೇಕಾದವರು ಏರಿಯ ಕಡೆ ಅಗೆದರು, ಮರಳು ಬೇಕಾದವರು ಹಳ್ಳ ಸೇರುವ ಕಡೆ ಹೋದರು.

ಹೂಳು ತೆಗೆಯುವುದು ಹಳೆಯ ಮೈಸೂರು ಸೀಮೆಯಲ್ಲಿ ಬರೀ ರೈತರ ಇಷ್ಟಕ್ಕೆ ಬಿಟ್ಟ ಕೆಲಸವಾಗಿರಲಿಲ್ಲ. ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನ ಭೂಮಿಯನ್ನು ಬಿಟ್ಟುಕೊಟ್ಟ ಶಾಸನಗಳು ಹೇರಳವಾಗಿವೆ. ಕೆರೆಯ ಮಣ್ಣು ಹೊರುವ ಬಂಡಿಯನ್ನು ನಡೆಸುವುದಕ್ಕೆಂದೇ ದತ್ತಿ ಬಿಟ್ಟದ್ದೂ ಉಂಟು. ಶಾಸನದ ಉದ್ದೇಶ ಕೆರೆ ತುಂಬಿಹೋಗದಂತೆ ನೋಡಿಕೊಳ್ಳುವುದು. ಎತ್ತಿದ ಹೂಳು ಎಲ್ಲಿಗೆ ಹೋಯಿತೆಂದು ಕಲ್ಲು ಹೇಳದಿದ್ದರೂ, ಗೋಡಿನ ಬೆಲೆ ಬಲ್ಲ ಊರಲ್ಲಿ ಅದನ್ನು ಏರಿಯ ಮೇಲೆ ಸುರಿದು ಬಿಟ್ಟಿರಲಾರರು. ಕೆರೆಗೆ ಆಳ, ಹೊಲಕ್ಕೆ ಜೇಡಿ: ಒಂದೇ ದುಡಿಮೆಯಲ್ಲಿ ಎರಡೂ ಆದವು.

ಗೋಡು ಹೊಡೆಯುವ ಕಾಲ ಯುಗಾದಿಯ ಆಚೀಚೆ. ಕೆರೆ ಒಣಗಿ ಅಂಗಳ ಬಿರುಕು ಬಿಟ್ಟಾಗ ಗುದ್ದಲಿ, ಹಾರೆ, ಮಂಕರಿ ಹಿಡಿದು ಜನ ಇಳಿಯುತ್ತಿದ್ದರು. ಮೇಲಿನ ಪದರ ಹೆಂಟೆ ಹೆಂಟೆಯಾಗಿ ಏಳುತ್ತದೆ. ಅದರ ಕೆಳಗೆ ಕಪ್ಪಾಗಿ, ತಣ್ಣಗೆ, ಕೈಗೆ ಬೆಣ್ಣೆಯಂತೆ ಅಂಟುವ ಗೋಡು. ಎತ್ತಿನ ಗಾಡಿಗೆ ತುಂಬಿ ಹೊಲಕ್ಕೆ ಒಯ್ದು ಸಾಲಾಗಿ ಗುಡ್ಡೆ ಹಾಕುವುದು ವಾಡಿಕೆ. ಹಸಿ ಗೋಡನ್ನು ಕೂಡಲೇ ಉತ್ತರೆ ಅದು ಇಟ್ಟಿಗೆಯಂತಹ ಹೆಂಟೆಯಾಗಿ ಹೊಲದಲ್ಲೇ ಉಳಿಯುತ್ತದೆ. ಗುಡ್ಡೆ ಬಿಸಿಲಿಗೆ ಒಣಗಬೇಕು, ಮುಂಗಾರಿನ ಮೊದಲ ಹದ ಮಳೆಗೆ ನೆನೆದು ಉದುರಬೇಕು, ಆಮೇಲೆ ಹರಡಿ ಉಳಬೇಕು. ಅಳತೆ ತಪ್ಪಿ ಹೆಚ್ಚು ಹಾಕಿದರೆ ಮೇಲೆ ಕೆನೆಗಟ್ಟಿದಂತೆ ಪದರ ಬಿದ್ದು ರಾಗಿಯ ಮೊಳಕೆ ಏಳುವುದಿಲ್ಲ. ಹದವಾಗಿ ಬೆರೆತ ಹೊಲ ಮಾತ್ರ ಎರಡು ಮಳೆಗಳ ನಡುವಿನ ಬಿಡುವನ್ನು ತಾಳಿಕೊಳ್ಳುತ್ತಿತ್ತು. ಒಮ್ಮೆ ಹೊಡೆದ ಗೋಡು ಹಲವು ವರ್ಷ ಬಾಳುತ್ತದೆ, ಏಕೆಂದರೆ ಅದು ಬೆಳೆ ತಿಂದು ಮುಗಿಸುವ ಗೊಬ್ಬರವಲ್ಲ, ಮಣ್ಣಿನ ಮೈಯನ್ನೇ ಬದಲಿಸುವ ವಸ್ತು.

ಗೊಬ್ಬರದ ಲೆಕ್ಕ ಬೇರೆ. ಮನೆಯ ಹಿಂದಿನ ತಿಪ್ಪೆಗೆ ಸಗಣಿ, ಗಂಜಲ ನೆನೆದ ಕಸ, ಒಲೆಯ ಬೂದಿ ದಿನವೂ ಸೇರುತ್ತಿದ್ದವು. ಗದ್ದೆಗೆ ಹೊಂಗೆ ಸೊಪ್ಪು, ಎಕ್ಕದ ಸೊಪ್ಪು ತುಳಿಸುತ್ತಿದ್ದರು. ಮೂರನೆಯದು ಕುರಿ ಮಂದೆ. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಹಿಕ್ಕೆ ಮತ್ತು ಗಂಜಲಕ್ಕೆ ಬದಲಾಗಿ ಕುರಿಗಾಹಿಗೆ ದವಸ ಅಳೆಯುವ ಪದ್ಧತಿ ಇಲ್ಲಿ ಬಲವಾಗಿತ್ತು. ಮಾಂಸಕ್ಕೆ ಹೆಸರಾದ ಬಂಡೂರು ಕುರಿಯ ಮೂಲ ನೆಲೆ ಮಳವಳ್ಳಿ ತಾಲ್ಲೂಕಿನ ಬಂಡೂರು. ಜನರ ಬಾಯಲ್ಲಿ ಅದು ಬನ್ನೂರು ಕುರಿಯೂ ಹೌದು. ಅದರ ರುಚಿಯ ಬಗ್ಗೆ ಆಡಿದಷ್ಟು ಮಾತನ್ನು ಅದು ಹೊಲಗಳಿಗೆ ಕೊಟ್ಟ ಗೊಬ್ಬರದ ಬಗ್ಗೆ ಯಾರೂ ಆಡುವುದಿಲ್ಲ.

ಅತಿ ಎಚ್ಚರದಿಂದ ಮಣ್ಣು ಬೆರೆಸುತ್ತಿದ್ದದ್ದು ಒಟ್ಲು ಪಾತಿಗೆ. ಭತ್ತ, ರಾಗಿಯ ಪೈರು ಬೆಳೆಸುವ ಆ ಸಣ್ಣ ಪಾತಿಗೆ ಹಳೆಯ ತಿಪ್ಪೆಯ ತಳದ ಪುಡಿ ಗೊಬ್ಬರ, ಬೂದಿ, ಬೇಕಿದ್ದರೆ ಒಂದಿಷ್ಟು ಮರಳು ಬೀಳುತ್ತಿತ್ತು. ಪೈರು ಕೀಳುವಾಗ ಬೇರು ಹರಿಯಬಾರದು, ಮಣ್ಣು ಸಲೀಸಾಗಿ ಉದುರಬೇಕು. ಹೊಲಕ್ಕೆ ಜೇಡಿ ತರುವ ಕೈಯೇ ಒಟ್ಲಿನಲ್ಲಿ ಜೇಡಿಯನ್ನು ದೂರವಿಡುತ್ತಿತ್ತು. ಇವತ್ತು ಕುಂಡದ ಗಿಡದವರು ಪುಸ್ತಕದಲ್ಲಿ ಓದಿ ಕಲಿಯುವ ಪಾಠ ಆ ಪಾತಿಯಲ್ಲೇ ಇತ್ತು.

ತೋಟದ ಬೆಳೆಗಳಿಗೂ ಹೊರಗಿನ ಮಣ್ಣು ಬೇಕಿತ್ತು. ವೀಳ್ಯದೆಲೆ ಬಳ್ಳಿಯನ್ನು ಇಳಿಸಿ ಸುತ್ತಿ ಹೂಳುವಾಗ ಹೊಸ ಮಣ್ಣು ಏರಿಸಬೇಕು. ತೆಂಗಿನ ಪಾತಿಗೆ ಕೆಮ್ಮಣ್ಣು ಹೊಡೆಸುತ್ತಾರೆ. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ಬೇರುಬಿಟ್ಟ ರೇಷ್ಮೆ ಕೃಷಿ ಮಳವಳ್ಳಿ, ಮದ್ದೂರುಗಳಲ್ಲೂ ಹಬ್ಬಿದ ಮೇಲೆ ಹಿಪ್ಪುನೇರಳೆ ಕಡ್ಡಿಯ ಸಾಲುಗಳೂ ಕೆರೆಗೋಡಿಗೆ ಗಿರಾಕಿಗಳಾದವು. ಮದುವೆಯ ಶಾಸ್ತ್ರದಲ್ಲಿ ಹುತ್ತದ ಮಣ್ಣು ತಂದು ಅದರಲ್ಲಿ ನವಧಾನ್ಯ ಬಿತ್ತುವ ಮನೆಗಳೂ ಈ ಸೀಮೆಯಲ್ಲಿವೆ. ಗೆದ್ದಲು ಅರೆದು ಮೇಲೆ ತಂದ ಆ ಮಣ್ಣು ಕಲ್ಲಿಲ್ಲದ ನುಣುಪು ಮಣ್ಣು. ಶಾಸ್ತ್ರಕ್ಕೆ ಕಾರಣ ಏನೇ ಇರಲಿ, ಮೊಳಕೆಗೆ ಅದು ಕೆಟ್ಟ ಆಯ್ಕೆಯಲ್ಲ.

ಈ ಇಡೀ ವ್ಯವಸ್ಥೆಯ ಕೆಳಗಿದ್ದ ಒಂದೇ ಭಯ ನೀರಿನ ಕೊರತೆ. ಆ ಭಯ 1930ರ ದಶಕದಲ್ಲಿ ಮೂರೂ ತಾಲ್ಲೂಕುಗಳ ದೊಡ್ಡ ಭಾಗದಿಂದ ತೊಲಗಿತು. ಕನ್ನಂಬಾಡಿಯ ಕಟ್ಟೆ ಕೆಲಸ ಶುರುವಾದದ್ದು 1911ರ ನವೆಂಬರ್‌ನಲ್ಲಿ. ಅಲ್ಲಿಂದ ಹೊರಟ ಎಡದಂಡೆ ನಾಲೆಗೆ ವೈಸರಾಯ್ ಇರ್ವಿನ್‌ನ ಹೆಸರಿಟ್ಟರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದ ಮೂಲಕ ನೀರನ್ನು ಇತ್ತ ಹಾಯಿಸಲಾಯಿತು. 1931ರಲ್ಲಿ ಮಂಡ್ಯದ ಹತ್ತಿರ ಇರ್ವಿನ್ ನಾಲಾ ಫಾರಂ ಆರಂಭವಾಯಿತು. ಜನ ಇಂದು ವಿ.ಸಿ. ಫಾರಂ ಎನ್ನುವುದು ಅದನ್ನೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಈ ಕೆಲಸಗಳ ಹಿಂದೆ ನಿಂತಿದ್ದರು. ನಾಲೆಯ ನೀರನ್ನು ಕಬ್ಬು, ಭತ್ತಗಳಿಗೂ ರಾಗಿಯಂತಹ ಅರೆನೀರಾವರಿ ಬೆಳೆಗಳಿಗೂ ಸರದಿಯ ಮೇಲೆ ಕೊಡುವ ಬ್ಲಾಕ್ ಪದ್ಧತಿ ಜಾರಿಗೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ನೀರು ಬಂದ ಮೇಲೆ ಮಣ್ಣಿನ ಸಮಸ್ಯೆ ತಿರುವುಮುರುವಾಯಿತು. ವರ್ಷವಿಡೀ ನೆನೆದ ತಗ್ಗಿನ ಗದ್ದೆಗಳಲ್ಲಿ ಜೌಗು ಹುಟ್ಟಿತು. ಒಳನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟು ಹೋದ ಕಡೆ ಚೌಳು ಕಾಣಿಸಿತು. ಇಂತಹ ನೆಲಕ್ಕೆ ಗೋಡು ಹೊಡೆಯುವುದು ಉರಿಯುವ ಗಾಯಕ್ಕೆ ಉಪ್ಪು ಸವರಿದ ಹಾಗೆ. ಅದಕ್ಕೆ ಬೇಕಾದದ್ದು ಬಸಿಗಾಲುವೆ, ಜಿಪ್ಸಂ, ಸೆಣಬು ಅಥವಾ ಡಯಾಂಚ ಬಿತ್ತಿ ಹೂವಿಗೆ ಬರುವ ಹೊತ್ತಿಗೆ ಉತ್ತು ಮುಚ್ಚಿದ ಹಸಿರೆಲೆ ಗೊಬ್ಬರ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡು, ಆಲೆಮನೆಯ ಬೂದಿ ಹೊಸ ಸರಕಾಗಿ ಸೇರಿಕೊಂಡವು. ಮೂಟೆಯಲ್ಲಿ ರಾಸಾಯನಿಕ ಗೊಬ್ಬರ ಸಿಗತೊಡಗಿದ ಮೇಲೆ ಗಾಡಿಗಟ್ಟಲೆ ಮಣ್ಣು ಹೊರುವ ತಾಳ್ಮೆ ಕಡಿಮೆಯಾಯಿತು. ಇನ್ನೊಂದು ಕಾರಣವೂ ಇತ್ತು: ನಾಲೆಯ ಬಸಿನೀರು ಸೇರುವ ಕೆರೆ ಬೇಸಿಗೆಯಲ್ಲಿ ಒಣಗುವುದೇ ಇಲ್ಲ, ಒಣಗದ ಕೆರೆಯಲ್ಲಿ ಗಾಡಿ ಇಳಿಯುವುದಿಲ್ಲ. ಗೋಡು ಹೊಡೆಯುವ ರೂಢಿ ನಾಲೆ ಮುಟ್ಟದ ಎತ್ತರದ ಹಳ್ಳಿಗಳಲ್ಲಿ ಉಳಿಯಿತು. ಅಲ್ಲಿ ಎತ್ತಿನ ಗಾಡಿಯ ಜಾಗಕ್ಕೆ ಟ್ರಾಕ್ಟರ್, ಗುದ್ದಲಿಯ ಜಾಗಕ್ಕೆ ಜೆಸಿಬಿ ಬಂದವು.

ಕುಂಡದ ಮಣ್ಣು ಈ ಚರಿತ್ರೆಯ ಕೊನೆಯ ಅಧ್ಯಾಯ. ಅರಣ್ಯ ಇಲಾಖೆಯ ಮತ್ತು ಖಾಸಗಿ ಸಸ್ಯಕ್ಷೇತ್ರಗಳು ಪಾಲಿಥಿನ್ ಚೀಲದಲ್ಲಿ ಸಸಿ ಬೆಳೆಸತೊಡಗಿದಾಗ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಎಂಬ ಬೆರಕೆ ಎಲ್ಲೆಡೆ ರೂಢಿಗೆ ಬಂತು. ಒಂದೆರಡು ವರ್ಷದಲ್ಲಿ ನೆಲ ಸೇರುವ ಸಸಿಗೆ ಅದು ಸಾಕು. ಬೋನ್ಸಾಯ್‌ಗೆ ಸಾಲದು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಶಾಸ್ತ್ರವಾಗಿ ಬೆಳೆದ ಈ ಕಲೆಯಲ್ಲಿ ಅರಳಿ, ಆಲ, ಅತ್ತಿಯಂತಹ ಮರ ನಾಲ್ಕು ಬೆರಳು ಆಳದ ತಟ್ಟೆಯಲ್ಲಿ ದಶಕಗಳ ಕಾಲ ಬದುಕಬೇಕು. ಮೈಸೂರಿನ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಅಂತಹ ಮರಗಳ ದೊಡ್ಡ ಸಂಗ್ರಹವೇ ಇದೆ.

ಕುಂಡ ಆಳವಿಲ್ಲದಷ್ಟೂ ಅದರ ತಳದಲ್ಲಿ ನೀರು ನಿಲ್ಲುವ ಪಾಲು ಹೆಚ್ಚು. ನುಣುಪು ಕಣಗಳ ನಡುವಿನ ಸಂದು ತೀರಾ ಕಿರಿದು. ಅಲ್ಲಿ ಸಿಕ್ಕಿಕೊಂಡ ನೀರನ್ನು ಅದರ ಭಾರ ಕೆಳಗೆ ಎಳೆಯಲಾರದು. ತಳದಲ್ಲಿ ಎಷ್ಟು ತೂತು ಕೊರೆದರೂ ಒಂದು ಪದರ ಒದ್ದೆಯಾಗಿಯೇ ಉಳಿದು ಬೇರು ಉಸಿರುಗಟ್ಟುತ್ತದೆ. ಬೋನ್ಸಾಯ್ ತಟ್ಟೆಯ ಸ್ಥಿತಿ ನಾಲೆಯ ಕೆಳಗಿನ ಜೌಗು ಗದ್ದೆಯ ಸ್ಥಿತಿಯೇ. ಜಪಾನಿನವರು ಇದಕ್ಕೆ ಅಕಡಾಮಾ ಎಂಬ ಜ್ವಾಲಾಮುಖಿ ಮೂಲದ ಹರಳು ಜೇಡಿಯನ್ನು ಬಳಸುತ್ತಾರೆ. ಇಲ್ಲಿ ಅದನ್ನು ಆಮದು ಮಾಡಿಕೊಂಡರೆ ದುಬಾರಿ, ಮತ್ತು ಅಗತ್ಯವೂ ಇಲ್ಲ. ಹದವಾಗಿ ಬೆಂದ ಇಟ್ಟಿಗೆಯ ಚೂರು ಅದೇ ಕೆಲಸ ಮಾಡುತ್ತದೆ: ಹರಳಿನ ಒಳಗೆ ಒಂದಿಷ್ಟು ನೀರು ಹಿಡಿಯುತ್ತದೆ, ಹರಳುಗಳ ನಡುವೆ ಗಾಳಿ ಆಡುತ್ತದೆ. ಇಟ್ಟಿಗೆ ಗೂಡುಗಳಿಗೂ ಕೆರೆಯ ಜೇಡಿಯೇ ಹೋಗುವುದುಂಟು. ಹಸಿಯಾಗಿ ಬೇರನ್ನು ಉಸಿರುಗಟ್ಟಿಸುವ ಗೋಡು ಬೆಂಕಿ ಕಂಡ ಮೇಲೆ ಬೇರಿಗೆ ಒಗ್ಗುತ್ತದೆ.

ಉಳಿದ ಸರಕೂ ಈ ಮೂರು ತಾಲ್ಲೂಕುಗಳೊಳಗೇ ಸಿಗುತ್ತದೆ. ಇಟ್ಟಿಗೆಯನ್ನು ಕುಟ್ಟಿ ಎರಡು ಜರಡಿಯಲ್ಲಿ ಆಡಿಸಬೇಕು: ಆರು ಮಿಲಿಮೀಟರ್ ಕಣ್ಣಿನ ಮೇಲೆ ನಿಂತ ದಪ್ಪ ಚೂರು ಬೇಡ, ಎರಡು ಮಿಲಿಮೀಟರ್ ಕಣ್ಣಿನಿಂದ ಇಳಿದ ಪುಡಿಯಂತೂ ಬೇಡವೇ ಬೇಡ. ಉಳಿದದ್ದನ್ನು ದೂಳು ಹೋಗುವವರೆಗೆ ತೊಳೆಯಬೇಕು. ಹೊಳೆಯ ದಪ್ಪ ಮರಳು ಸಿಗದಿದ್ದರೆ ಎಂ-ಸ್ಯಾಂಡ್ ಆದೀತು, ಆದರೆ ಅದರ ಕಲ್ಲುಪುಡಿಯನ್ನು ಇಟ್ಟಿಗೆಗಿಂತ ಹೆಚ್ಚು ಸಲ ತೊಳೆಯಬೇಕು. ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನು ಪೂರ್ತಿ ಬೂದಿಯಾಗಲು ಬಿಡದೆ ಕಪ್ಪಗೆ ಸುಟ್ಟುಕೊಂಡರೆ ಹಗುರವಾದ ಇದ್ದಿಲು ದೊರೆಯುತ್ತದೆ. ಎಳನೀರು, ತೆಂಗಿನಕಾಯಿಗೆ ಹೆಸರಾದ ಮದ್ದೂರಿನಲ್ಲಿ ತೆಂಗಿನ ನಾರಿನ ಪುಡಿಗೂ ಬರವಿಲ್ಲ. ಉಪ್ಪಿನಂಶ ಹೋಗುವಂತೆ ನೆನೆಸಿ ಹಿಂಡಿ ಬಳಸಬೇಕು. ಅರ್ಧ ಪಾಲು ಇಟ್ಟಿಗೆ ಹರಳು, ಕಾಲು ಪಾಲು ಮರಳು, ಮಿಕ್ಕ ಕಾಲು ಪಾಲಿನಲ್ಲಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಇದ್ದಿಲು: ಅರಳಿ, ಆಲಗಳಿಗೆ ಇದು ಒಳ್ಳೆಯ ಆರಂಭ. ನೀರು ಹೆಚ್ಚು ಬೇಡುವ ಗಿಡಕ್ಕೆ ನಾರಿನ ಪುಡಿಯನ್ನು ಒಂದು ಹಿಡಿ ಏರಿಸಬಹುದು. ಬೆರಕೆಯನ್ನು ಕುಂಡಕ್ಕೆ ತುಂಬಿ ನೀರು ಹೊಯ್ದಾಗ ಮೇಲೆ ಮಡುಗಟ್ಟದೆ ಕೂಡಲೇ ತಳದಿಂದ ಇಳಿದರೆ ಹದ ಸರಿಯಿದೆ.

ಎರಡು ಮೂರು ವರ್ಷಕ್ಕೊಮ್ಮೆ, ಬೇರು ಕುಂಡ ತುಂಬಿದಾಗ, ಮಣ್ಣು ಬದಲಿಸಬೇಕು. ಈ ಭಾಗದ ಆಲ, ಅರಳಿಗಳಿಗೆ ಹೊಸ ಚಿಗುರು ಹೊರಡುವ ಫೆಬ್ರವರಿ–ಮಾರ್ಚ್ ಅದಕ್ಕೆ ಒಳ್ಳೆಯ ಕಾಲ. ಕೆರೆ ಸಾರ್ವಜನಿಕ ಆಸ್ತಿಯಾದ್ದರಿಂದ ಹೊಲಕ್ಕೆ ಗೋಡು ಹೊಡೆಸುವವರು ಇಂದು ಗ್ರಾಮ ಪಂಚಾಯಿತಿಯಲ್ಲಿ ಅಥವಾ ಕೆರೆ ಯಾವ ಇಲಾಖೆಗೆ ಸೇರಿದೆಯೋ ಅಲ್ಲಿ ಅನುಮತಿ ಕೇಳಬೇಕು. ಕುಂಡಕ್ಕಾಗಿ ಯಾರೂ ಆ ತೊಂದರೆ ತೆಗೆದುಕೊಳ್ಳಬೇಕಿಲ್ಲ: ಹಸಿ ಗೋಡು ಎಷ್ಟೇ ಕಪ್ಪಗೆ, ಎಷ್ಟೇ ಫಲವತ್ತಾಗಿ ಕಂಡರೂ ಬೋನ್ಸಾಯ್ ತಟ್ಟೆಗೆ ಒಂದು ಹಿಡಿಯೂ ಹಾಕಬಾರದು.