ಅಳಿಸುವ ಅಧಿಕಾರ: ಅಬಲೂರಿನ ತ್ರಿಪದಿಯಿಂದ ಅರಳಿ ಕಟ್ಟೆಯವರೆಗೆ

ಸರ್ವಜ್ಞನ ಹೆಸರಿನಲ್ಲಿ ಸುಮಾರು 2,000 ತ್ರಿಪದಿಗಳು ಚಲಾವಣೆಯಲ್ಲಿವೆ. ಅಷ್ಟನ್ನೂ ಒಬ್ಬನೇ ಹೇಳಿದನೆಂದು ಒಪ್ಪುವ ವಿದ್ವಾಂಸರು ವಿರಳ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಅವನ ಹುಟ್ಟನ್ನು ಬೆಸೆಯುವ ಪದ್ಯಗಳ ಮೇಲೂ ಸಂಶಯವಿದೆ. ತಂದೆ-ತಾಯಿಯ ಕಥೆಯನ್ನು ಕವಿಯೇ ಹೇಳಿಕೊಂಡನೋ, ಅವನನ್ನು ಮೆಚ್ಚಿದ ಜನ ಆಮೇಲೆ ಕಟ್ಟಿ ಸೇರಿಸಿದರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೂರು ಸಾಲಿನ ಅಚ್ಚು ಎಲ್ಲರ ಕೈಗೂ ಸಿಕ್ಕಿತ್ತು; ಕೊನೆಗೆ ‘ಸರ್ವಜ್ಞ’ ಎಂದು ಕೂಡಿಸಿದರೆ ಪದ್ಯ ಸಂಗ್ರಹಕ್ಕೆ ಸೇರುತ್ತಿತ್ತು. ಹತ್ತಾರು ಕೈ ಸೇರಿಸಿದ್ದನ್ನು ತೆಗೆಯುವ ಹಕ್ಕು ಯಾರದು, ಯಾವ ನಿಯಮದ ಮೇಲೆ? ಅಂತರ್ಜಾಲದ ಸಮುದಾಯಗಳು ಇಂದು ದಿನವೂ ಎದುರಿಸುವ ಈ ಪ್ರಶ್ನೆ ಹಾವೇರಿ ಜಿಲ್ಲೆಯ ಈ ಮೂಲೆಗೆ ಹೊಸದಲ್ಲ.

ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚಿಗೆ ತಂದಾಗ ಅವರ ಮುಂದಿದ್ದದ್ದು ಇದೇ ಕಷ್ಟ. ಹಸ್ತಪ್ರತಿಗಳು ಒಂದನ್ನೊಂದು ಹೋಲುವುದಿಲ್ಲ, ಜನರ ಬಾಯಲ್ಲಿರುವುದು ಹಸ್ತಪ್ರತಿಯಲ್ಲಿರುವುದಿಲ್ಲ. ಅಂಥಲ್ಲಿ ಸಂಪಾದಕನಿಗೆ ಎರಡು ದಾರಿ: ಎಲ್ಲವನ್ನೂ ಉಳಿಸಿಕೊಳ್ಳುವುದು, ಅಥವಾ ತನಗೆ ಒಪ್ಪದ್ದನ್ನು ಕಣ್ಮರೆ ಮಾಡುವುದು. ಗ್ರಂಥಸಂಪಾದನೆಯ ಶಾಸ್ತ್ರ ಬೆಳೆದಂತೆ ಮೂರನೆಯ ದಾರಿಯೊಂದು ಗಟ್ಟಿಯಾಯಿತು. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣೆ ಅದಕ್ಕೆ ದೊಡ್ಡ ಮಾದರಿ. ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ನೋಡಿದ ಆ ವಿದ್ವಾಂಸರು ಮೂಲಪಾಠದಿಂದ ಸಾವಿರಾರು ಶ್ಲೋಕಗಳನ್ನು ಹೊರಗಿಟ್ಟರು. ಆದರೆ ಹೊರಗಿಟ್ಟದ್ದನ್ನು ಎಸೆಯಲಿಲ್ಲ. ಯಾವ ಪ್ರತಿಯಲ್ಲಿತ್ತು ಎಂಬ ಗುರುತಿನೊಂದಿಗೆ ಅಡಿಟಿಪ್ಪಣಿ, ಅನುಬಂಧಗಳಲ್ಲಿ ಅಚ್ಚು ಹಾಕಿದರು. ಕಣದಲ್ಲಿ ತೂರಿದ ಜೊಳ್ಳನ್ನು ಬದಿಗೆ ಒಟ್ಟಿದಂತೆ. ಕಾಳು ಜಾರಿದ್ದರೆ ಮತ್ತೊಮ್ಮೆ ತೂರಿ ನೋಡಬಹುದು. ತೆಗೆಯುವುದರ ಬಗ್ಗೆ ನಾನು ಬಲ್ಲ ನಿಯಮಗಳಲ್ಲಿ ಇದಕ್ಕಿಂತ ನ್ಯಾಯವಾದದ್ದು ಇಲ್ಲ. ಮುಂದೆ ಹೇಳುವುದನ್ನೆಲ್ಲ ಇದೇ ಅಳತೆಯಲ್ಲಿ ನೋಡುತ್ತೇನೆ.

ಕನ್ನಡದ್ದೇ ಒಂದು ಕಹಿ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಮಾಡಿದರು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು; 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಚನದಿಂದ ಅಂಕಿತವನ್ನು ಅಳಿಸಿದ್ದು ಒಂದು ಅಳಿಸುವಿಕೆ, ಆ ಪುಸ್ತಕವನ್ನೇ ಚಲಾವಣೆಯಿಂದ ತೆಗೆದದ್ದು ಇನ್ನೊಂದು. ಮೊದಲನೆಯದು ತಪ್ಪು ಎಂದು ನಂಬುವ ನನಗೆ ಎರಡನೆಯದೂ ಒಪ್ಪಿಗೆಯಿಲ್ಲ. ತಿದ್ದಿದ ಪಾಠದ ಪಕ್ಕದಲ್ಲಿ ಮೂಲಪಾಠ ಇದ್ದಿದ್ದರೆ ಓದುಗರೇ ತೀರ್ಮಾನಿಸುತ್ತಿದ್ದರು.

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾದಾಗ ಈ ಹಳೆಯ ಪ್ರಶ್ನೆಗೆ ಹೊಸ ಯಂತ್ರ ಸಿಕ್ಕಿತು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ತಿದ್ದಿದ ಪ್ರತಿಯೊಂದು ಸಾಲಿನ ಹಳೆಯ ರೂಪವೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಪುಟವನ್ನೇ ಅಳಿಸುವ ಅಧಿಕಾರ ಮಾತ್ರ ಸಮುದಾಯ ಆರಿಸಿದ ನಿರ್ವಾಹಕರದು. ಅವರು ಅಳಿಸಿದಾಗ ಯಾವಾಗ, ಯಾರು, ಏಕೆ ಎಂಬುದು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಸೇರುತ್ತದೆ. ಅಳಿಸಿದ ಪಠ್ಯವೂ ಸುಟ್ಟುಹೋಗುವುದಿಲ್ಲ. ಓದುಗರಿಗೆ ಕಾಣದಿದ್ದರೂ ನಿರ್ವಾಹಕರಿಗೆ ಸಿಗುತ್ತದೆ, ಸರಿಯಾದ ಕಾರಣ ಕೊಟ್ಟರೆ ಮರಳಿ ಬರುತ್ತದೆ. ವಾದ ನಡೆಯುವುದು ‘ಅರಳಿ ಕಟ್ಟೆ’ ಎಂಬ ಸಮುದಾಯದ ಸಾಮಾನ್ಯ ಚರ್ಚೆಯ ಪುಟದಲ್ಲಿ ಅಥವಾ ಲೇಖನದ ಚರ್ಚಾ ಪುಟದಲ್ಲಿ. ಭಂಡಾರ್ಕರ್ ಸಂಸ್ಥೆಯ ಅನುಬಂಧಕ್ಕೆ ಸಮೀಪದ ವ್ಯವಸ್ಥೆ ಇದು.

ನಿಯಮಗಳು ಒಂದೇ ದಿನ ಬಂದವಲ್ಲ. ಒಂದೊಂದರ ಹಿಂದೆಯೂ ಒಂದು ಪೆಟ್ಟಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊದಲು ಅಳಿಸಲು ಮತ ಹಾಕುವ ಪುಟವಿತ್ತು. ಕೈ ಎತ್ತಿದವರ ಸಂಖ್ಯೆಯಲ್ಲ, ಕೊಟ್ಟ ಕಾರಣ ಮುಖ್ಯ ಎಂಬುದು ಮನದಟ್ಟಾಗಿ 2005ರಲ್ಲಿ ಹೆಸರಿನಿಂದಲೇ ಮತದಾನವನ್ನು ಕೈಬಿಟ್ಟರು. ಅದೇ ವರ್ಷ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥೇಲರ್ ಅವರ ಪುಟದಲ್ಲಿ ಯಾರೋ ಬರೆದ ಸುಳ್ಳು ಆರೋಪ ತಿಂಗಳುಗಟ್ಟಲೆ ಹಾಗೆಯೇ ಇತ್ತು. ಬದುಕಿರುವವರ ಬಗ್ಗೆ ಆಧಾರವಿಲ್ಲದ ಆಕ್ಷೇಪಾರ್ಹ ಮಾತನ್ನು ಚರ್ಚೆಗೆ ಕಾಯದೆ ತೆಗೆಯಬೇಕೆಂಬ ಕಟ್ಟುನಿಟ್ಟಿನ ನಿಯಮ ಗಟ್ಟಿಯಾದದ್ದು ಆ ಪ್ರಕರಣದ ನಂತರ.

ಕನ್ನಡದ ಪೆಟ್ಟು ಬೇರೆ ಬಗೆಯದು. 2009ರಿಂದ 2011ರ ಅವಧಿಯಲ್ಲಿ ಗೂಗಲ್ ತನ್ನ ಅನುವಾದ ಉಪಕರಣದ ನೆರವಿನಿಂದ, ಹಣ ಪಡೆದ ಅನುವಾದಕರ ಮೂಲಕ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಲೇಖನಗಳನ್ನು ತುಂಬಿತು. ಕನ್ನಡಕ್ಕೂ ಬಂದವು: ಉದ್ದುದ್ದ ಲೇಖನಗಳು, ವಿದೇಶದ ವಿಷಯಗಳು, ಓದಿದರೆ ಅರ್ಥವಾಗದ ವಾಕ್ಯಗಳು. ಬಂಗಾಳಿ ಸಮುದಾಯ ಅವನ್ನು ನಿರಾಕರಿಸಿತು. ತಮಿಳರು ಷರತ್ತು ಹಾಕಿ ತಿದ್ದಿಸಿಕೊಂಡರು. ಕನ್ನಡದಲ್ಲಿ ಬೆರಳೆಣಿಕೆಯ ಸಂಪಾದಕರು ವರ್ಷಗಟ್ಟಲೆ ಅವುಗಳ ಜೊತೆ ಹೆಣಗಬೇಕಾಯಿತು. ಅಂಥ ಲೇಖನವನ್ನು ಅಳಿಸಿದರೆ ಲೇಖನಗಳ ಸಂಖ್ಯೆ ಕುಸಿಯುತ್ತದೆ, ಉಳಿಸಿದರೆ ಓದುಗರ ನಂಬಿಕೆ ಕುಸಿಯುತ್ತದೆ. ಸಂಖ್ಯೆ ಹೋದರೂ ಚಿಂತೆಯಿಲ್ಲ ಎನ್ನುವವರ ಪಕ್ಷ ನನ್ನದು. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಇದೇ ತೊಂದರೆ ದೊಡ್ಡದಾಗಿ ಮರಳಿದೆ. ಪರಿಶೀಲಿಸದೆ ಯಂತ್ರದಿಂದ ಬರೆಸಿ ಹಾಕಿದ ಲೇಖನಗಳನ್ನು ಚರ್ಚೆಯಿಲ್ಲದೆ ಅಳಿಸಲು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ನಿಯಮ ಮಾಡಿತು.

ಇನ್ನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿಗೆ ನೇರವಾಗಿ ತಾಗುವ ನಿಯಮ: ಆಧಾರವಿಲ್ಲದ್ದು, ಗಮನಾರ್ಹವಲ್ಲದ್ದು ಉಳಿಯುವುದಿಲ್ಲ. ಊರುಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಸರ್ಕಾರಿ ದಾಖಲೆಯಲ್ಲಿರುವ ಜನವಸತಿಯ ಲೇಖನ ಉಳಿಯಲಿ ಎಂಬುದು ರೂಢಿ. ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ, ಸವಣೂರಿನ ದೊಡ್ಡ ಹುಣಸೆ ಮರಗಳಿಗೆ, ಅಲ್ಲೇ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರಿಗೆ ಮುದ್ರಿತ ಆಧಾರ ಬೇಕಾದಷ್ಟಿದೆ. ಶಿವಶರಣ ಏಕಾಂತದ ರಾಮಯ್ಯನ ಕಥೆಗಂತೂ ಅಬಲೂರಿನ ಸೋಮೇಶ್ವರ ಗುಡಿಯ ಕಲ್ಲೇ ಸಾಕ್ಷಿ. ಆ ಶಾಸನವನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿ ಶತಮಾನ ಕಳೆದಿದೆ. ಆದರೆ ಈ ಸೀಮೆಯ ಮೊಹರಂ ಪದ, ಲಾವಣಿ, ಸೋಬಾನೆ ಹಾಡುವವರ ಪಾಡೇನು? ಜೀವನವಿಡೀ ಹಾಡಿದ ಒಬ್ಬ ಅಜ್ಜಿಯ ಬಗ್ಗೆ ಮೊಮ್ಮಗ ಲೇಖನ ಬರೆದರೆ, ‘ಉಲ್ಲೇಖ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ತಪ್ಪಲ್ಲ. ಅದೇ ಪ್ರಶ್ನೆ ಇಲ್ಲದಿದ್ದರೆ ಚುನಾವಣೆಗೆ ನಿಲ್ಲುವವರು, ಅಂಗಡಿ ಇಟ್ಟವರು ತಮ್ಮ ತಮ್ಮ ಹೊಗಳಿಕೆಯಿಂದ ಪುಟ ತುಂಬುತ್ತಾರೆ. ಆದರೆ ಉತ್ತರ ಕೊಡಬೇಕಾದ ಅಜ್ಜಿಯ ಹಾಡು ಅಚ್ಚಾಗಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಷರೀಫರ (1819–1889) ಪದಗಳೂ ಬಹುಕಾಲ ಜನರ ಕಂಠದಲ್ಲೇ ಇದ್ದವು. ಇಂದಿನ ನಿಯಮ ಅಂದು ಇದ್ದು, ಅಂದೇ ಯಾರಾದರೂ ಅವರ ಬಗ್ಗೆ ಪುಟ ಬರೆದಿದ್ದರೆ ಅದು ಉಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಅಚ್ಚಾಗದ ಜ್ಞಾನದ ಈ ತೊಡಕನ್ನು ಮೊದಲು ಗಟ್ಟಿಯಾಗಿ ಎತ್ತಿ ಹೇಳಿದವರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಒಬ್ಬರು. 2011ರಲ್ಲಿ ಅವರು ಮತ್ತು ಅವರ ಜೊತೆಯವರು ಭಾರತ ಹಾಗೂ ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಆಟ, ಆಚರಣೆ, ಅಡುಗೆಗಳನ್ನು ಬಲ್ಲವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯನ್ನೇ ಲೇಖನಕ್ಕೆ ಆಧಾರವಾಗಿ ಕೊಡುವ ಪ್ರಯೋಗ ಮಾಡಿದರು. ಹಿಂದಿ, ಮಲಯಾಳಂ, ಸೆಪೆಡಿ ಭಾಷೆಗಳಲ್ಲಿ ಅದು ನಡೆಯಿತು. ಸಂದರ್ಶನವನ್ನು ಆಧಾರವೆಂದು ಒಪ್ಪಿದರೆ ಸ್ವಂತ ಸಂಶೋಧನೆಗೆ ಬಾಗಿಲು ತೆರೆದಂತೆ ಎಂಬ ಆಕ್ಷೇಪ ಬಂತು. ಆ ಪದ್ಧತಿ ಸಾಮಾನ್ಯ ನಿಯಮವಾಗಲಿಲ್ಲ. ಕನ್ನಡದವರು ಆ ಪ್ರಯೋಗವನ್ನು ಕೈಗೆತ್ತಿಕೊಂಡು ಮುಂದುವರಿಸಬೇಕಿತ್ತು ಎಂಬ ಕೊರಗು ನನಗಿದೆ.

ಸಾಮಾಜಿಕ ಜಾಲತಾಣಗಳನ್ನು ನಡೆಸುವ ಖಾಸಗಿ ಕಂಪನಿಗಳ ಅಂಗಳದಲ್ಲಿ ಕಥೆಯೇ ಬೇರೆ. ಅಲ್ಲಿ ಅರಳಿ ಕಟ್ಟೆ ಇಲ್ಲ. ನಮ್ಮ ಕಾನೂನಿನ ಹಾದಿಯನ್ನು ಬೇಗನೆ ದಾಟಿಬಿಡೋಣ: 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಬಳಕೆದಾರರು ಬರೆದದ್ದಕ್ಕೆ ಕಂಪನಿಯನ್ನು ಹೊಣೆಯಿಂದ ರಕ್ಷಿಸುತ್ತದೆ. ಬರಹವನ್ನು ತೆಗೆಸಲು ಯಾರದೋ ದೂರು ಸಾಲದು, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬೇಕು ಎಂದು 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ನಿಯಮಗಳು 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಕಂಪನಿ ತಾನಾಗಿಯೇ ಏನನ್ನಾದರೂ ತೆಗೆದರೆ ಬರೆದವರಿಗೆ ಕಾರಣ ತಿಳಿಸಬೇಕು, ವಾದಿಸಲು ಅವಕಾಶ ಕೊಡಬೇಕು ಎಂದವು. ಸರ್ಕಾರವೇ ತಡೆಯಲು ಹೇಳಿದಾಗ ಮಾತ್ರ 2009ರ ತಡೆ ನಿಯಮಗಳ ಗೋಪ್ಯತೆ ಅಡ್ಡ ಬರುತ್ತದೆ. ಅಂಥ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್‌ಗೆ ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ, ತೆಗೆಯುವ ಸೂಚನೆ ಕಳಿಸಲು ಸರ್ಕಾರ ಬಳಸುವ ‘ಸಹಯೋಗ್’ ಪೋರ್ಟಲ್ ವಿರುದ್ಧದ ಅರ್ಜಿಯನ್ನೂ ವಜಾ ಮಾಡಿತು. ತೆಗೆಸುವ ಅಧಿಕಾರ ಬೆಳೆದಷ್ಟು ಕಾರಣ ತಿಳಿಯುವ ಹಕ್ಕು ಬೆಳೆದಿಲ್ಲ.

ದೀಪಾವಳಿಯ ನಂತರದ ತಿಂಗಳುಗಳಲ್ಲಿ ಹಾನಗಲ್, ಹಿರೇಕೆರೂರು ಕಡೆಯ ಹುಡುಗರು ಹೋರಿ ಬೆದರಿಸುವ ಹಬ್ಬದ ವಿಡಿಯೊಗಳನ್ನು ಈ ಜಾಲತಾಣಗಳಲ್ಲಿ ರಾಶಿ ರಾಶಿಯಾಗಿ ಹಾಕುತ್ತಾರೆ. ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿ, ಅದರ ಹೆಸರು, ಅದರ ಅಭಿಮಾನಿಗಳ ಕೇಕೆ. ಹಿಂಸೆ ಯಾವುದು, ಹಬ್ಬ ಯಾವುದು ಎಂದು ಗುರುತಿಸಲು ಯಂತ್ರಕ್ಕೆ ಬರುವುದಿಲ್ಲ; ಈ ಸೀಮೆಯ ಕನ್ನಡ ಬಲ್ಲ ಮನುಷ್ಯನೊಬ್ಬ ಕೂತು ನೋಡಬೇಕು. ಈ ಹಬ್ಬದಲ್ಲಿ ಜೀವಗಳು ಹೋಗಿದ್ದೂ ಉಂಟು, ಹಾಗಾಗಿ ಎಲ್ಲವೂ ಉಳಿಯಲಿ ಎಂದು ನಾನು ಹೇಳುವುದಿಲ್ಲ. ತೆಗೆದರೆ ಏಕೆ ಎಂದು ಕನ್ನಡದಲ್ಲಿ ಹೇಳಲಿ.

ಸುಳ್ಳನ್ನು ಅಳಿಸಿದರೆ ಸಾಕೇ? 2024ರ ನವೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೆ ಜಮೀನು ವಕ್ಫ್ ಪಾಲಾದದ್ದೇ ಕಾರಣ ಎಂಬ ಸುದ್ದಿ ಹರಡಿತು. ಸಾವು 2022ರ ಜನವರಿಯದು, ಸಾಲ ಮತ್ತು ಬೆಳೆನಷ್ಟ ಅದಕ್ಕೆ ಕಾರಣ ಎಂದು ಜಿಲ್ಲಾ ಪೊಲೀಸರು ತಿಳಿಸಿದರು. ಸುದ್ದಿ ಹಂಚಿದ್ದ ಸಂಸದರೊಬ್ಬರು ತಮ್ಮ ಬರಹ ಅಳಿಸಿದರು. ಅವರ ಮೇಲೆ ದಾಖಲಾದ ಪ್ರಕರಣವನ್ನು ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು. ಅಪರಾಧವಾಯಿತೇ ಎಂಬುದು ನ್ಯಾಯಾಲಯದ ವಿಚಾರ. ಆದರೆ ಅಳಿಸಿದ ಬರಹದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಓದಿ ನಂಬಿ ನಾಲ್ಕು ಗುಂಪಿಗೆ ಕಳಿಸಿದವನಿಗೆ ಅದು ಸುಳ್ಳೆಂದು ತಿಳಿಯುವುದೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕನಿಷ್ಠ ‘ಅಳಿಸಲಾಗಿದೆ’ ಎಂಬ ಗುರುತಾದರೂ ಇರುತ್ತದೆ, ಕಾರಣ ಅಲ್ಲೂ ಇರುವುದಿಲ್ಲ. ಸುಳ್ಳು ಸುದ್ದಿಗೆ ಸರಿಯಾದ ಶಿಕ್ಷೆ, ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿ ನಿಲ್ಲುವ ತಿದ್ದುಪಡಿ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದರ ಸುತ್ತಲ ತಾಲ್ಲೂಕುಗಳ ಹಾಡುಗಾರರ ಧ್ವನಿ, ಹೆಸರು, ಊರು, ಹಾಡಿದ ದಿನಾಂಕ, ಅವರ ಒಪ್ಪಿಗೆ ಇಷ್ಟನ್ನು ಯಾರು ಬೇಕಾದರೂ ಉಲ್ಲೇಖಿಸಬಹುದಾದ ರೂಪದಲ್ಲಿ ಮುಕ್ತವಾಗಿ ಪ್ರಕಟಿಸುವ ಕೆಲಸವನ್ನು ಅದು ಕೈಗೊಳ್ಳಲಿ. ಓದುಗರಲ್ಲೂ ಒಂದು ವಿನಂತಿ: ನಿಮ್ಮ ಊರಿನ ಬಗ್ಗೆ ಬರೆದ ಲೇಖನಕ್ಕೆ ಅಳಿಸುವ ಚೀಟಿ ಬಿದ್ದರೆ ಸಿಟ್ಟಾಗಿ ಹೊರಬೀಳಬೇಡಿ. ಚರ್ಚಾ ಪುಟಕ್ಕೆ ಹೋಗಿ ಕಾರಣ ಕೇಳಿ, ಜಾತ್ರಾ ಸಂಚಿಕೆಯೋ ಶಾಲೆಯ ಸ್ಮರಣ ಸಂಚಿಕೆಯೋ ಹಳೆಯ ಪತ್ರಿಕೆಯ ತುಣುಕೋ ಸಿಕ್ಕರೆ ಅದನ್ನು ಮುಂದಿಡಿ, ಒಪ್ಪದಿದ್ದರೆ ಮತ್ತೆ ಕೇಳಿ.