ಕಾರಿನ ಸ್ಟೀರಿಯೊಗೆ ಮೊಬೈಲ್ ಇಂಟರ್‌ನೆಟ್: ದಾರಿ ಯಾವುದು, ಎಚ್ಚರಿಕೆ ಏನು?

ಹುಬ್ಬಳ್ಳಿ: ಕಾರಿನ ಟೇಪಿಗೆ ಕ್ಯಾಸೆಟ್ ಹಾಕಿ ಹಾಡು ಕೇಳುತ್ತಿದ್ದ ಕಾಲ ಕಣ್ಣೆದುರಿಗೇ ಸರಿದುಹೋಯಿತು. ಕ್ಯಾಸೆಟ್‌ನ ಸ್ಥಾನಕ್ಕೆ ಸಿ.ಡಿ., ಸಿ.ಡಿ.ಯ ಸ್ಥಾನಕ್ಕೆ ಪೆನ್‌ಡ್ರೈವ್ ಬಂದವು. ಈಗ ಪೆನ್‌ಡ್ರೈವ್ ಕೂಡ ಮೂಲೆ ಸೇರುತ್ತಿದ್ದು, ಹಾಡು, ಸುದ್ದಿ, ದಾರಿ ತೋರುವ ನಕ್ಷೆ ಎಲ್ಲವೂ ಮೊಬೈಲ್ ಇಂಟರ್‌ನೆಟ್ ಮೂಲಕ ಡ್ಯಾಶ್‌ಬೋರ್ಡಿಗೆ ಬರುತ್ತಿವೆ. ಹುಬ್ಬಳ್ಳಿ-ಧಾರವಾಡ ನಡುವೆ ನಿತ್ಯ ಕಾರಿನಲ್ಲಿ ಓಡಾಡುವ ನೌಕರರು, ವ್ಯಾಪಾರಿಗಳು ಹಾಗೂ ಬಾಡಿಗೆ ಕಾರಿನ ಚಾಲಕರು ಕೇಳುವ ಪ್ರಶ್ನೆ ಒಂದೇ: ಸ್ಟೀರಿಯೊಗೆ ಇಂಟರ್‌ನೆಟ್ ಬೇಕಾದರೆ ಇನ್ನೊಂದು ಸಿಮ್ ಕೊಳ್ಳಬೇಕೆ?

ಬಹುಪಾಲು ಜನರಿಗೆ ಅದರ ಅಗತ್ಯವಿಲ್ಲ. ಕಿಸೆಯಲ್ಲಿರುವ ಮೊಬೈಲಿನ ಡೇಟಾ ಸಂಪರ್ಕವೇ ಸಾಕು. ಆದರೆ ಸ್ಟೀರಿಯೊ ಯಾವ ಬಗೆಯದು, ಕಾರು ಯಾರ ಕೈಯಲ್ಲಿರುತ್ತದೆ, ಯಾವ ರಸ್ತೆಯಲ್ಲಿ ಓಡುತ್ತದೆ ಎಂಬುದನ್ನು ಅರಿಯದೆ ಅಂಗಡಿಗೆ ಹೋದವರು ಬೇಡವಾದದ್ದಕ್ಕೆ ಹಣ ತೆರುವ ಸಂಭವ ಹೆಚ್ಚು.

ಮೊದಲು ಸ್ಟೀರಿಯೊ ಯಾವುದೆಂದು ತಿಳಿಯಿರಿ

ಬಳಕೆಯಲ್ಲಿರುವ ಸ್ಟೀರಿಯೊಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬ್ಲೂಟೂತ್ ಅಥವಾ ಆಕ್ಸ್ ಕಿಂಡಿ ಮಾತ್ರವಿರುವ ಸಾಧಾರಣ ಸ್ಟೀರಿಯೊ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಮೊಬೈಲ್ ಫೋನ್ ಜಾಲದಿಂದ ಹಾಡನ್ನು ಪಡೆದು, ಕೇವಲ ಧ್ವನಿಯನ್ನು ಸ್ಟೀರಿಯೊಗೆ ರವಾನಿಸುತ್ತದೆ. ಹತ್ತು ವರ್ಷ ಹಳೆಯ ಕಾರಿನಲ್ಲೂ ಈ ಏರ್ಪಾಟು ಸರಾಗವಾಗಿ ಕೆಲಸ ಮಾಡುತ್ತದೆ.

ಎರಡನೆಯದು ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಸೌಲಭ್ಯವುಳ್ಳ ಪರದೆ. ಈ ಎರಡೂ ವ್ಯವಸ್ಥೆಗಳು ಪ್ರಕಟವಾದದ್ದು 2014ರಲ್ಲಿ. ಪರದೆಯ ಮೇಲೆ ನಕ್ಷೆ, ಹಾಡುಗಳ ಪಟ್ಟಿ ಕಾಣಿಸಿದರೂ ಕೆಲಸ ನಡೆಯುವುದು ಮೊಬೈಲಿನಲ್ಲೇ. ಖರ್ಚಾಗುವುದೂ ಮೊಬೈಲಿನ ಡೇಟಾವೇ. ತಂತಿಯಿಲ್ಲದೆ ಆಂಡ್ರಾಯ್ಡ್ ಆಟೊ ಬಳಸಲು ಸ್ಟೀರಿಯೊದಲ್ಲಿ ಆ ಸೌಲಭ್ಯವಿರಬೇಕು. ಫೋನಿನಲ್ಲಿ ಸಾಮಾನ್ಯವಾಗಿ ಆಂಡ್ರಾಯ್ಡ್ 11 ಅಥವಾ ಅದರ ನಂತರದ ಆವೃತ್ತಿ ಮತ್ತು 5 ಗಿಗಾಹರ್ಟ್ಸ್ ವೈ-ಫೈ ಇರಬೇಕು. ಇಲ್ಲವಾದರೆ ಯು.ಎಸ್.ಬಿ. ಕೇಬಲ್ ಸಾಕು.

ಮೂರನೆಯದು ಸ್ವತಃ ಆಂಡ್ರಾಯ್ಡ್ ತಂತ್ರಾಂಶದಿಂದ ನಡೆಯುವ ದೊಡ್ಡ ಪರದೆಯ ಸ್ಟೀರಿಯೊ. ಇದು ಬಹುಮಟ್ಟಿಗೆ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಟ್ಯಾಬ್ಲೆಟ್. ಇದರಲ್ಲೇ ಆ್ಯಪ್‌ಗಳಿರುವುದರಿಂದ ಇದಕ್ಕೆ ಇಂಟರ್‌ನೆಟ್ ಬೇಕೇ ಬೇಕು. ಗೊಂದಲ, ಖರ್ಚು, ಮೋಸಹೋಗುವ ಸಾಧ್ಯತೆ ಹೆಚ್ಚಾಗಿ ಇರುವುದೂ ಈ ಬಗೆಯಲ್ಲಿಯೇ.

ಹಾಟ್‌ಸ್ಪಾಟ್: ಸುಲಭದ ದಾರಿ

ಮೂರನೆಯ ಬಗೆಯ ಸ್ಟೀರಿಯೊಗೆ ಅತಿ ಸುಲಭದ ದಾರಿ ಮೊಬೈಲಿನ ಹಾಟ್‌ಸ್ಪಾಟ್. ಫೋನಿನಲ್ಲಿ ಹಾಟ್‌ಸ್ಪಾಟ್ ಚಾಲೂ ಮಾಡಿ, ಸ್ಟೀರಿಯೊದ ವೈ-ಫೈ ಪಟ್ಟಿಯಲ್ಲಿ ಅದರ ಹೆಸರನ್ನು ಆರಿಸಿ ಗುಪ್ತಪದ ನೀಡಿದರೆ ಮುಗಿಯಿತು. ಮರುದಿನದಿಂದ ಫೋನಿನಲ್ಲಿ ಹಾಟ್‌ಸ್ಪಾಟ್ ಚಾಲೂ ಮಾಡಿದೊಡನೆ ಸ್ಟೀರಿಯೊ ತಾನಾಗಿಯೇ ಜೋಡಣೆಯಾಗುತ್ತದೆ.

ಹಾಟ್‌ಸ್ಪಾಟ್‌ನ ಹೆಸರೇ ಕಾಣಿಸದಿದ್ದರೆ ಸ್ಟೀರಿಯೊ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ. ಅಗ್ಗದ ಸ್ಟೀರಿಯೊಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಗುರುತಿಸುತ್ತವೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 5ರ ಬದಲು 2.4 ಗಿಗಾಹರ್ಟ್ಸ್ ಆರಿಸಿದರೆ ತೊಂದರೆ ಬಹುತೇಕ ನಿವಾರಣೆಯಾಗುತ್ತದೆ. ಹಾಟ್‌ಸ್ಪಾಟ್ ಫೋನಿನ ಬ್ಯಾಟರಿಯನ್ನು ಬೇಗ ಹೀರುವುದರಿಂದ ಕಾರಿನಲ್ಲಿ ಚಾರ್ಜರ್ ಇರುವುದು ಒಳಿತು. ಏಪ್ರಿಲ್-ಮೇ ಬಿಸಿಲಿನಲ್ಲಿ ಫೋನನ್ನಾಗಲಿ, ಬ್ಯಾಟರಿಯುಳ್ಳ ವೈ-ಫೈ ಸಾಧನವನ್ನಾಗಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಕಾರಿನ ಬಾಗಿಲು ಹಾಕಿ ಹೋಗುವುದು ಅಪಾಯಕರ.

ಪ್ರತ್ಯೇಕ ಸಿಮ್ ಯಾರಿಗೆ ಬೇಕು?

ಒಂದೇ ಕಾರನ್ನು ಮನೆಯ ಮೂರು-ನಾಲ್ಕು ಜನ ಓಡಿಸುವುದಾದರೆ, ಬಾಡಿಗೆ ಕಾರಿಗೆ ಚಾಲಕರು ಬದಲಾಗುತ್ತಿದ್ದರೆ, ಅಥವಾ ಕರೆಗಳ ನಡುವೆ ನಕ್ಷೆ ನಿಲ್ಲಬಾರದು ಎಂಬ ಅಗತ್ಯವಿದ್ದರೆ ಪ್ರತ್ಯೇಕ ಸಿಮ್ ಉಪಯುಕ್ತ. ಅದನ್ನು ಸ್ಟೀರಿಯೊದಲ್ಲೇ ಹಾಕಬಹುದು. ಇಲ್ಲವೇ ಯು.ಎಸ್.ಬಿ. ಡಾಂಗಲ್ ಅಥವಾ ಕಿಸೆಯಲ್ಲಿ ಹಿಡಿಯುವ ವೈ-ಫೈ ಸಾಧನದಲ್ಲಿ ಹಾಕಬಹುದು.

ಇಲ್ಲಿ ಮೂರು ಸಂಗತಿಗಳನ್ನು ಹಣ ಕೊಡುವ ಮೊದಲೇ ಪರೀಕ್ಷಿಸಬೇಕು.

ಒಂದು, ಪೆಟ್ಟಿಗೆಯ ಮೇಲೆ 4ಜಿ ಎಂದು ಮುದ್ರಿಸಿದ್ದ ಮಾತ್ರಕ್ಕೆ ಸ್ಟೀರಿಯೊದೊಳಗೆ 4ಜಿ ಮೋಡೆಮ್ ಇದೆ ಎಂದರ್ಥವಲ್ಲ. ಹೊರಗಿನಿಂದ ಡಾಂಗಲ್ ಜೋಡಿಸಬಹುದು ಎಂಬುದಷ್ಟೇ ಅದರ ತಾತ್ಪರ್ಯವಿರಬಹುದು. ಸಿಮ್ ಕಿಂಡಿ ಇದೆಯೇ, ಸೆಟ್ಟಿಂಗ್‌ನಲ್ಲಿ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಕಾಣಿಸುತ್ತದೆಯೇ ಎಂದು ನೋಡಬೇಕು. ತಮ್ಮದೇ ಸಿಮ್ ಹಾಕಿ ಅಂಗಡಿಯಲ್ಲೇ ಒಂದು ಹಾಡು ನುಡಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ.

ಎರಡು, ಹಳೆಯ ದಾಸ್ತಾನಿನ 3ಜಿ ಸ್ಟೀರಿಯೊಗಳನ್ನು ಕೊಳ್ಳಬಾರದು. ಜಿಯೊ 2016ರ ಸೆಪ್ಟೆಂಬರ್‌ನಲ್ಲಿ ಆರಂಭವಾದಾಗಲೇ ನೇರವಾಗಿ 4ಜಿ ಜಾಲ. ಅದರಲ್ಲಿ 3ಜಿ ಎಂಬುದೇ ಇಲ್ಲ. ಏರ್‌ಟೆಲ್ 2019-20ರ ಅವಧಿಯಲ್ಲಿ ತನ್ನ 3ಜಿ ಜಾಲವನ್ನು ಹಂತಹಂತವಾಗಿ ಮುಚ್ಚಿತು. ಹೀಗಾಗಿ ಕೆಲವೇ ವರ್ಷಗಳ ಹಿಂದೆ ಕೊಂಡ 3ಜಿ ಸ್ಟೀರಿಯೊಗಳ ಸಿಮ್ ಕಿಂಡಿ ಈ ಕಂಪನಿಗಳ ಗ್ರಾಹಕರಿಗೆ ನಿರುಪಯುಕ್ತವಾಗಿದೆ.

ಮೂರು, ವಿದೇಶದಿಂದ ಬರುವ ಸಾಧನಗಳು ಇಲ್ಲಿನ ತರಂಗಾಂತರಗಳಿಗೆ ಹೊಂದಬೇಕು. ಜಿಯೊ 4ಜಿಗೆ 3, 5 ಮತ್ತು 40ನೇ ಬ್ಯಾಂಡ್‌ಗಳು ಮುಖ್ಯ. ಏರ್‌ಟೆಲ್‌ಗೆ 1, 3, 8 ಮತ್ತು 40. ಬಿ.ಎಸ್.ಎನ್.ಎಲ್. ಸ್ವದೇಶಿ ತಂತ್ರಜ್ಞಾನದ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಉದ್ಘಾಟನೆಯಾಯಿತು. ಅದಕ್ಕೆ 28ನೇ ಬ್ಯಾಂಡ್ ಅಂದರೆ 700 ಮೆಗಾಹರ್ಟ್ಸ್ ಇದೆಯೇ ಎಂದು ವಿಚಾರಿಸಬೇಕು.

ಸಿಮ್ ಹಾಕಿದ ಮೇಲೂ ಇಂಟರ್‌ನೆಟ್ ಬಾರದಿದ್ದರೆ ಎ.ಪಿ.ಎನ್. ಎಂಬ ಸೆಟ್ಟಿಂಗ್ ಖಾಲಿ ಇರುವ ಸಂಭವವಿದೆ. ಜಿಯೊಗೆ ಜಿಯೊನೆಟ್, ಬಿ.ಎಸ್.ಎನ್.ಎಲ್.ಗೆ ಬಿಎಸ್‌ಎನ್‌ಎಲ್‌ನೆಟ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬಿಡಿಸದೆ ಟೈಪಿಸಿ, ಸ್ಟೀರಿಯೊವನ್ನು ಒಮ್ಮೆ ಆರಿಸಿ ಹಚ್ಚಬೇಕು.

ಕಾರ್ಖಾನೆಯಿಂದಲೇ ಬರುವ ಇ-ಸಿಮ್

2019ರಲ್ಲಿ ಮಾರುಕಟ್ಟೆಗೆ ಬಂದ ಹ್ಯುಂಡೈ ವೆನ್ಯೂ ಹಾಗೂ ಎಂ.ಜಿ. ಹೆಕ್ಟರ್ ಕಾರುಗಳು ಇಂಟರ್‌ನೆಟ್ ಸಂಪರ್ಕವನ್ನೇ ಪ್ರಚಾರದ ಮುಖ್ಯ ಅಂಶವನ್ನಾಗಿ ಮಾಡಿಕೊಂಡವು. ಇಂತಹ ಕಾರುಗಳಲ್ಲಿ ಸಿಮ್ ಅನ್ನು ಒಳಗೇ ಬೆಸೆದಿರುತ್ತಾರೆ. ಇದನ್ನು ಇ-ಸಿಮ್ ಎನ್ನುತ್ತಾರೆ. ಕಾರು ಎಲ್ಲಿದೆ ಎಂದು ತಿಳಿಯುವುದು, ಅಪಘಾತವಾದಾಗ ನೆರವಿಗೆ ಕರೆ ಹೋಗುವುದು ಮುಂತಾದ ಸೇವೆಗಳಿಗೆ ಇದು ಆಧಾರ. ಸೇವಾ ಕಂಪನಿಯನ್ನು ಕಾರು ತಯಾರಕರೇ ನಿಗದಿಪಡಿಸುವುದರಿಂದ ಮಾಲೀಕರು ತಮಗೆ ಬೇಕಾದ ಸಿಮ್‌ಗೆ ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಉಚಿತ ಅವಧಿ ಮುಗಿದ ಮೇಲೆ ಎಷ್ಟು ತೆರಬೇಕು ಎಂಬುದನ್ನು ಖರೀದಿಯ ದಿನವೇ ಕೇಳಿ ತಿಳಿಯಬೇಕು.

ಹಳೆಯ ಕಾರು ಕೊಳ್ಳುವವರು ಹಿಂದಿನ ಮಾಲೀಕರ ಖಾತೆ ರದ್ದಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ಇಲ್ಲವಾದರೆ ಕಾರು ಎಲ್ಲಿ ನಿಂತಿದೆ ಎಂಬುದು ಪರರ ಮೊಬೈಲಿನಲ್ಲಿ ಕಾಣುತ್ತಲೇ ಇರಬಹುದು. ಮಾರುವವರು ಸ್ಟೀರಿಯೊದಲ್ಲಿನ ಫೋನ್ ಸಂಖ್ಯೆಗಳು, ಮನೆಯ ವಿಳಾಸ, ಖಾತೆಗಳನ್ನು ಅಳಿಸಿಯೇ ಕೀಲಿಕೈ ಒಪ್ಪಿಸಬೇಕು.

ಎಷ್ಟು ಡೇಟಾ ಖರ್ಚಾಗುತ್ತದೆ?

ಹಾಡಿಗೆ ಬೇಕಾಗುವ ಡೇಟಾ ಜನ ಊಹಿಸುವಷ್ಟಿಲ್ಲ. ಸೆಕೆಂಡಿಗೆ 128 ಕಿಲೊಬಿಟ್ ಗುಣಮಟ್ಟದ ಸಂಗೀತ ಗಂಟೆಗೆ ಸುಮಾರು 58 ಎಂ.ಬಿ. ಬಳಸುತ್ತದೆ. 320 ಕಿಲೊಬಿಟ್‌ನ ಉತ್ತಮ ಗುಣಮಟ್ಟಕ್ಕೆ 144 ಎಂ.ಬಿ. ಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಹಾದಿ. ಸಿಗ್ನಲ್, ಜನದಟ್ಟಣೆ ಸೇರಿ ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೆ 128 ಕಿಲೊಬಿಟ್‌ನಲ್ಲಿ ಒಂದು ಬಾರಿಗೆ 43 ಎಂ.ಬಿ., ಹೋಗಿಬರಲು 86 ಎಂ.ಬಿ. ಆಗುತ್ತದೆ. ತಿಂಗಳಿಗೆ 25 ದಿನ ಓಡಾಡಿದರೂ ಎರಡು ಜಿ.ಬಿ.ಗಿಂತ ತುಸು ಹೆಚ್ಚು, ಅಷ್ಟೇ. ದಿನಕ್ಕೆ ಒಂದು ಜಿ.ಬಿ. ದೊರೆಯುವ ಮೊಬೈಲ್ ಪ್ಲಾನ್ ಉಳ್ಳವರು ಹಾಡಿಗಾಗಿ ಬೇರೆ ರೀಚಾರ್ಜ್ ಮಾಡಿಸುವುದು ವ್ಯರ್ಥ.

ಲೆಕ್ಕ ತಪ್ಪುವುದು ವೀಡಿಯೊದಿಂದ. ಸೆಕೆಂಡಿಗೆ 1.5 ಮೆಗಾಬಿಟ್‌ನ ಸಾಧಾರಣ ವೀಡಿಯೊ ಕೂಡ ಗಂಟೆಗೆ 675 ಎಂ.ಬಿ. ನುಂಗುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕಾರ್ಟೂನ್ ನೋಡತೊಡಗಿದರೆ ದಿನದ ಪಾಲು ಬೇಗನೆ ಮುಗಿದು, ಹಲವು ಪ್ಲಾನ್‌ಗಳಲ್ಲಿ ವೇಗ 64 ಕಿಲೊಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 128 ಕಿಲೊಬಿಟ್‌ನ ಹಾಡು ಸರಾಗವಾಗಿ ಹರಿಯದು. ಸಿಗ್ನಲ್ ಪೂರ್ಣವಿದ್ದರೂ ಹಾಡು ತಡವರಿಸುವುದಕ್ಕೆ ಇದೂ ಒಂದು ಕಾರಣ.

ಘಟ್ಟದಲ್ಲಿ ಗತಿಯೇನು?

ಅವಳಿ ನಗರದೊಳಗೆ ಸಿಗ್ನಲ್‌ನ ಚಿಂತೆ ಕಡಿಮೆ. ಆದರೆ ಕಲಘಟಗಿ ದಾಟಿ ಯಲ್ಲಾಪುರ, ಅರೆಬೈಲು ಘಟ್ಟದ ಮೂಲಕ ಅಂಕೋಲಾ ಕಡೆಗೆ ಇಳಿಯುವವರಿಗೆ, ಹಳಿಯಾಳ-ದಾಂಡೇಲಿ ಕಾಡಿನ ಹಾದಿ ಹಿಡಿಯುವವರಿಗೆ ಸಂಪರ್ಕ ಕಡಿಯುವುದು ಸಹಜ. ಗುಡ್ಡಗಳು ತರಂಗಗಳಿಗೆ ಅಡ್ಡವಾಗುತ್ತವೆ, ಗೋಪುರಗಳು ವಿರಳ. ಇಂತಹ ಕಡೆ ಎಷ್ಟು ದುಬಾರಿ ಸ್ಟೀರಿಯೊ ಇದ್ದರೂ ಫಲವಿಲ್ಲ. ಹೊರಡುವ ಮೊದಲೇ ಮನೆಯ ವೈ-ಫೈಯಲ್ಲಿ ಆ ಭಾಗದ ನಕ್ಷೆಯನ್ನೂ ಬೇಕಾದ ಹಾಡುಗಳನ್ನೂ ಇಳಿಸಿಕೊಂಡಿರಬೇಕು.

ರೇಡಿಯೊವನ್ನು ಮರೆಯುವಂತಿಲ್ಲ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಮಧ್ಯಮ ತರಂಗದ 765 ಕಿಲೊಹರ್ಟ್ಸ್‌ನಲ್ಲಿ ದಶಕಗಳ ಕಾಲ ಉತ್ತರ ಕರ್ನಾಟಕದ ಮನೆಮನೆಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನವನ್ನು ತಲುಪಿಸಿತು. ಆಗ ಕೇಳುಗರಿಗೆ ಡೇಟಾದ ಖರ್ಚೇ ಇರಲಿಲ್ಲ. ಈಗ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಆಕಾಶವಾಣಿಯ ಕೇಂದ್ರಗಳನ್ನು ಇಂಟರ್‌ನೆಟ್ ಮೂಲಕ ಕೇಳಿಸುತ್ತದೆ. ಬೆಂಗಳೂರಿನಲ್ಲಿರುವ ಧಾರವಾಡದವರು ಕಾರಿನಲ್ಲಿ ಕೂತು ಊರಿನ ಧ್ವನಿ ಕೇಳಬಹುದಾದ ಸುಲಭ ಮಾರ್ಗವಿದು. ಹೊಸ ಸ್ಟೀರಿಯೊ ಹಾಕಿಸುವಾಗ ಆಂಟೆನಾದ ತಂತಿ ಜೋಡಿಸಲು ಮರೆಯದಂತೆ ಕೆಲಸಗಾರರಿಗೆ ಹೇಳಬೇಕು. ಇಂಟರ್‌ನೆಟ್ ಕೈಕೊಟ್ಟಾಗ ಕೆಲಸಕ್ಕೆ ಬರುವುದು ಅದೇ.

ವೈರು ಮತ್ತು ಬ್ಯಾಟರಿ

ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯ ನಿರಂತರ ವಿದ್ಯುತ್ತಿಗೆ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತಿಗೆ, ಕಪ್ಪು ವೈರು ಅರ್ಥ್‌ಗೆ ಮೀಸಲು. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಬ್ಯಾಟರಿಗೆ ಜೋಡಿಸಿದರೆ ಕೀಲಿ ತೆಗೆದ ಮೇಲೂ ಸ್ಟೀರಿಯೊ ಮತ್ತು ಅದರ ಮೋಡೆಮ್ ಎಚ್ಚರವಾಗಿಯೇ ಇರುತ್ತವೆ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಕಾರು ಸ್ಟಾರ್ಟ್ ಆಗದಿದ್ದರೆ ಈ ಜೋಡಣೆಯನ್ನು ಮೊದಲು ಪರೀಕ್ಷಿಸಬೇಕು. ಮೂಲ ವೈರು ಕತ್ತರಿಸದೆ, ಆ ಕಾರಿಗೆ ಹೊಂದುವ ಕಪ್ಲರ್ ಬಳಸಿ ಜೋಡಿಸುವಂತೆ ಕೇಳುವುದು ಸೂಕ್ತ. ವೈರು ಕತ್ತರಿಸಿದರೆ ವಾರಂಟಿಗೆ ಧಕ್ಕೆ ಬರಬಹುದು.

ಕಣ್ಣು ರಸ್ತೆಯ ಮೇಲಿರಲಿ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಅನ್ವಯ ವಾಹನ ಚಲಾಯಿಸುವಾಗ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ಅಪರಾಧಕ್ಕೇ 5,000 ರೂಪಾಯಿವರೆಗೆ ದಂಡ ಹಾಗೂ ಸೆರೆವಾಸಕ್ಕೂ ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು ದಾರಿ ನೋಡಲು ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ, ಸಾಧನ ಬಳಸಲು ಅನುಮತಿಸುತ್ತದೆ.

ದಂಡಕ್ಕಿಂತ ದೊಡ್ಡ ಮಾತು ಪ್ರಾಣದ್ದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಹಾಡು ಹುಡುಕಲು ಐದು ಸೆಕೆಂಡು ಪರದೆ ನೋಡಿದರೆ 80 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಓಡಿಸಿದಂತೆ. 2021ರ ಜನವರಿ 15ರಂದು ಧಾರವಾಡ ಸಮೀಪ ಇಟಿಗಟ್ಟಿ ಬಳಿ ಬೈಪಾಸ್‌ನಲ್ಲಿ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದ್ದನ್ನು ಅವಳಿ ನಗರ ಮರೆತಿಲ್ಲ. ಆ ದುರಂತವನ್ನು ಸ್ಟೀರಿಯೊಗೆ ತಳುಕು ಹಾಕುವಂತಿಲ್ಲ. ಆದರೆ ಎದುರಿನ ವಾಹನಕ್ಕೂ ನಮಗೂ ನಡುವೆ ಎಷ್ಟು ಕಡಿಮೆ ಅಂತರವಿರುತ್ತದೆ ಎಂಬುದನ್ನು ಅದು ನೆನಪಿಸುತ್ತದೆ.

ಆದ್ದರಿಂದ ಹಾಡಿನ ಪಟ್ಟಿ, ಹೋಗಬೇಕಾದ ವಿಳಾಸ, ಹಾಟ್‌ಸ್ಪಾಟ್ ಜೋಡಣೆ ಎಲ್ಲವನ್ನೂ ಕಾರು ಮನೆಯ ಮುಂದೆ ನಿಂತಿರುವಾಗಲೇ ಮುಗಿಸಬೇಕು. ಚಾಲಕನಿಗೆ ಕಾಣುವ ಪರದೆಯಲ್ಲಿ ಚಲನಚಿತ್ರ ಹಚ್ಚಬಾರದು. ಹೊಸ ಸಿಮ್, ಹೊಸ ಸ್ಟೀರಿಯೊ ಕೊಳ್ಳುವ ಮೊದಲು ಇರುವ ಫೋನಿನಲ್ಲೇ ಒಂದು ವಾರ ಪ್ರಯೋಗ ಮಾಡಿ ನೋಡುವುದು ಜಾಣತನ. ಅಷ್ಟರಲ್ಲಿ ಬೇರೆ ಏನೂ ಬೇಕಿಲ್ಲ ಎಂದು ಮನವರಿಕೆಯಾಗುವವರೇ ಹೆಚ್ಚು.