ಬೆಳಗಾವಿ ಜಿಲ್ಲೆಯ ಉತ್ತರ ತಾಲೂಕುಗಳ ಜೋಗಪ್ಪ ಸಮುದಾಯ

ಜೋಗಪ್ಪಂದಿರು ಉತ್ತರ ಕರ್ನಾಟಕ ಹಾಗೂ ದಕ್ಷಿಣ ಮಹಾರಾಷ್ಟ್ರದಲ್ಲಿ ಕಂಡುಬರುವ, ಯಲ್ಲಮ್ಮ ದೇವಿಗೆ ಸಮರ್ಪಿತರಾದ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯ. ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು, ಮುಂದೆ ದೇವಿಯ ಹೆಸರಿನಲ್ಲಿ ಸೀರೆಯುಟ್ಟು, ಬಳೆ ತೊಟ್ಟು ಹೆಣ್ಣಾಗಿ ಬಾಳುವವರನ್ನು ಈ ಹೆಸರಿನಿಂದ ಕರೆಯುತ್ತಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಯಲ್ಲಮ್ಮನ ಆರಾಧನೆ ಆಳವಾಗಿ ಬೇರೂರಿರುವ ಗಡಿಸೀಮೆಗೆ ಸೇರಿವೆ. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಈ ಭಾಗದಲ್ಲಿ ಮರಾಠಿ ಭಾಷಿಕರು ಇವರನ್ನು ಜೋಗ್ತಾ ಎನ್ನುತ್ತಾರೆ. ದೇವಿಗೆ ಸಮರ್ಪಿಸುವುದನ್ನು ನಿಷೇಧಿಸಿದ ಕಾನೂನು ಒಂದೆಡೆ, ಲಿಂಗತ್ವ ಗುರುತನ್ನು ರಕ್ಷಿಸುವ ಕಾನೂನು ಇನ್ನೊಂದೆಡೆ ಇದ್ದು, ಇವರ ನಾಗರಿಕ ಸ್ಥಾನಮಾನದ ಪ್ರಶ್ನೆ ಇವೆರಡರ ನಡುವೆ ಬೆಳೆದುಬಂದಿದೆ.

ಸಂಪ್ರದಾಯ

ಯಲ್ಲಮ್ಮನ ಪ್ರಧಾನ ಕ್ಷೇತ್ರ ಸವದತ್ತಿಯ ಗುಡ್ಡ. ಅಥಣಿ ತಾಲೂಕಿನ ಕೊಕಟನೂರಿನಲ್ಲಿಯೂ ದೇವಿಯ ಪ್ರಸಿದ್ಧ ದೇವಾಲಯವಿದ್ದು, ವರ್ಷಕ್ಕೊಮ್ಮೆ ದೊಡ್ಡ ಜಾತ್ರೆ ಸೇರುತ್ತದೆ. ತಲೆಯಲ್ಲಿ ಜಡೆಗಟ್ಟುವುದು, ವಾಸಿಯಾಗದ ಚರ್ಮರೋಗ, ಗಂಡು ಮಗುವಿನಲ್ಲಿ ಹೆಣ್ಣಿನ ನಡೆನುಡಿ ಇವುಗಳನ್ನು ದೇವಿಯ ಕಾಡಾಟವೆಂದು ಮನೆಯವರು ಭಾವಿಸುವುದುಂಟು. ಮುತ್ತು ಕಟ್ಟಿಸಿಕೊಂಡ ಜೋಗಪ್ಪ ದೇವಿಯ ಕೊಡ ಹೊತ್ತು, ಮಂಗಳವಾರ ಮತ್ತು ಶುಕ್ರವಾರ ಮನೆಮನೆಗೆ ಹೋಗಿ ಜೋಗ ಬೇಡಿ, ಭಂಡಾರ ಹಚ್ಚಿ ಹರಸುತ್ತಾರೆ. ಚೌಡಿಕೆಯ ಮೇಳದೊಂದಿಗೆ ಹಾಡುವ ಯಲ್ಲಮ್ಮನ ಪದಗಳು ಇವರ ಜೀವನೋಪಾಯವೂ ಹೌದು.

ಹಿಜ್ರಾ ಸಮುದಾಯದಿಂದ ಇವರು ಕೆಲವು ವಿಷಯಗಳಲ್ಲಿ ಭಿನ್ನರು. ಅಂಗಚ್ಛೇದನ ಇವರ ಸಂಪ್ರದಾಯದ ಭಾಗವಲ್ಲ. ಹಲವರು ಹುಟ್ಟಿದ ಮನೆಯೊಂದಿಗೆ ನಂಟು ಉಳಿಸಿಕೊಳ್ಳುತ್ತಾರೆ. ದೇವದಾಸಿಯರಲ್ಲಿ ಬಹುಪಾಲು ದಲಿತ ಸಮುದಾಯದವರಾದರೆ, ಜೋಗಪ್ಪಂದಿರಲ್ಲಿ ಬೇರೆಬೇರೆ ಜಾತಿಯವರಿದ್ದಾರೆ. ಧಾರ್ಮಿಕ ಪಾತ್ರದಿಂದ ದೊರೆಯುವ ಗೌರವಕ್ಕೆ ಮಿತಿಯೂ ಇದೆ. ಹರಕೆಯ ದಿನ ಪಾದ ಮುಟ್ಟಿ ನಮಸ್ಕರಿಸುವ ಊರು, ಮರುದಿನ ಬಾಡಿಗೆಗೆ ಮನೆಯನ್ನೋ ಕೂಲಿ ಕೆಲಸವನ್ನೋ ಕೊಡುತ್ತದೆ ಎಂದೇನೂ ಇಲ್ಲ.

ಸಮರ್ಪಣೆಯ ನಿಷೇಧ

ಈ ತಾಲೂಕುಗಳ ಕಾನೂನು ಚರಿತ್ರೆ ಒಂದೇ ತೆರನಾಗಿಲ್ಲ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು; ಅಲ್ಲಿ ಶಾಹೂ ಮಹಾರಾಜರು 1920ರಲ್ಲಿಯೇ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ತಂದರು. ಮುಂಬಯಿ ಪ್ರಾಂತದ ನೇರ ಆಡಳಿತದಲ್ಲಿದ್ದ ಬೆಳಗಾವಿ ಜಿಲ್ಲೆಗೆ 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಅನ್ವಯವಾಯಿತು. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರಲ್ಲಿ ಅಂಗೀಕಾರಗೊಂಡು 1984ರಲ್ಲಿ ಜಾರಿಗೆ ಬಂದಿತು. ಅದರಂತೆ ಸಮರ್ಪಣೆ ನಡೆಸಿದವರಿಗೆ ಮೂರು ವರ್ಷಗಳವರೆಗೆ, ತಂದೆ-ತಾಯಿ ಅಥವಾ ಸಂಬಂಧಿಕರೇ ತಪ್ಪಿತಸ್ಥರಾದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು.

ಕಾನೂನಿಗೆ ಬಲ ಬಂದದ್ದು ಸ್ಥಳೀಯ ಸಂಘಟನೆಗಳಿಂದ. ಗಡಿಯಾಚೆಯ ಗಡಹಿಂಗ್ಲಜದಲ್ಲಿ 1975ರಲ್ಲಿ ದೇವದಾಸಿಯರ ಪರಿಷತ್ತು ನಡೆಯಿತು. ಅಥಣಿಯಲ್ಲಿ ವಕೀಲ ಬಿ. ಎಲ್. ಪಾಟೀಲರು 1985ರಲ್ಲಿ ವಿಮೋಚನಾ ಸಂಘವನ್ನು ಕಟ್ಟಿ, ಜಾತ್ರೆಗಳಲ್ಲಿ ಸಮರ್ಪಣೆ ತಡೆಯುವುದರ ಜೊತೆಗೆ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆಯನ್ನು ಆರಂಭಿಸಿದರು. 1997ರಲ್ಲಿ ಮಾಜಿ ದೇವದಾಸಿಯರದೇ ಸಂಸ್ಥೆಯಾಗಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಸರ್ಕಾರದ ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಮಾಸಾಶನ ಮತ್ತು ವಸತಿ ಸೌಲಭ್ಯಗಳಿಗೆ ಈ ಪಟ್ಟಿಯೇ ಆಧಾರವಾಯಿತು.

ಜೋಗಪ್ಪಂದಿರು ಕಾನೂನಿನಿಂದ ಹೊರಗುಳಿದದ್ದು ಇಲ್ಲಿಯೇ. 1982ರ ಕಾಯ್ದೆ ದೇವದಾಸಿ ಎಂದರೆ ಸಮರ್ಪಿತಳಾದ ಮಹಿಳೆ ಎಂದು ವ್ಯಾಖ್ಯಾನಿಸಿತು. ಹೆಣ್ಣಾಗಿ ಬಾಳಿದರೂ ದಾಖಲೆಯಲ್ಲಿ ಗಂಡಾಗಿದ್ದ ಜೋಗಪ್ಪನಿಗೆ ಅದರ ರಕ್ಷಣೆಯೂ ಇಲ್ಲ, ಪುನರ್ವಸತಿಯೂ ಇಲ್ಲ. ಆದರೆ ಸುಧಾರಣಾ ಚಳವಳಿಯ ಬಿಸಿ ಇವರಿಗೂ ತಟ್ಟಿತು: ಜಡೆ ಮತ್ತು ಜೋಗ ಬೇಡುವಿಕೆ ಮೂಢನಂಬಿಕೆಯ ಗುರುತುಗಳೆನಿಸಿದವು. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ ಈ ಸೀಮೆಯ ಜೋಗತಿಯರ ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯ ಸುಧಾರಣೆಯನ್ನು ವಿಮರ್ಶೆಗೆ ಒಳಪಡಿಸಿದೆ. ಬಾಲ್ಯದಲ್ಲಿಯೇ ನಡೆಯುತ್ತಿದ್ದ ಸಮರ್ಪಣೆಯ ಕ್ರೌರ್ಯವನ್ನು ಕಣ್ಣಾರೆ ಕಂಡ ಕಾರ್ಯಕರ್ತರಿಗೆ ಇಂಥ ವಿಮರ್ಶೆ ಒಪ್ಪಿಗೆಯಾಗುವುದು ಸುಲಭವಲ್ಲ.

ಧರ್ಮ ಮತ್ತು ಪ್ರಭುತ್ವ

ಸಂವಿಧಾನದ 25ನೇ ವಿಧಿಯು ಧಾರ್ಮಿಕ ಸ್ವಾತಂತ್ರ್ಯವನ್ನು ನೀಡುವುದರೊಂದಿಗೆ, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನೂ ಪ್ರಭುತ್ವಕ್ಕೆ ಕೊಟ್ಟಿದೆ. ಸಮರ್ಪಣೆಯ ನಿಷೇಧಕ್ಕೆ ಇದೇ ಆಧಾರ. ಅದೇ ಪ್ರಭುತ್ವ ಸವದತ್ತಿ ದೇವಾಲಯದ ಆಡಳಿತಕ್ಕೂ 1974ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಹೀಗಾಗಿ ದೇವಾಲಯದ ಉಸ್ತುವಾರಿಯೂ, ಅಲ್ಲಿ ಬೇರೂರಿದ್ದ ಆಚರಣೆಯ ನಿಷೇಧವೂ ಸರ್ಕಾರದ ಹೊಣೆಯೇ ಆದವು. ಧರ್ಮದಿಂದ ಪ್ರಭುತ್ವ ಪೂರ್ಣ ದೂರವಿರಬೇಕೆಂಬ ಫ್ರಾನ್ಸ್ ಮಾದರಿಯಿಂದ ಇದನ್ನು ಅಳೆಯಲಾಗದು.

ಲಿಂಗತ್ವ ಗುರುತಿನ ಮಾನ್ಯತೆ

ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಲಾದ 36ಎ ಸೆಕ್ಷನ್, ನಪುಂಸಕರೆಂದು ಕರೆದು ಇಡೀ ಸಮುದಾಯದ ಮೇಲೆ ನಿಗಾ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ನೀಡಿತ್ತು. ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾದ ಮೇಲೆ 2016ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪು ನೀಡಿತು. ಯಲ್ಲಮ್ಮನ ಸೇವಕರಾದ ಜೋಗಪ್ಪರ ಉಲ್ಲೇಖ ಆ ತೀರ್ಪಿನಲ್ಲಿಯೇ ಇದೆ. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣೆಗಾಗಿ ಬಂದ 2019ರ ಕೇಂದ್ರ ಕಾಯ್ದೆಯ ವ್ಯಾಖ್ಯಾನ ಹಿಜ್ರಾ, ಕಿನ್ನರ, ಅರವಾಣಿ ಎಂಬ ಪದಗಳೊಂದಿಗೆ ಜೋಗ್ತಾ ಎಂಬ ಗಡಿಸೀಮೆಯ ಪದವನ್ನೂ ಒಳಗೊಂಡಿತು. ಹಿಂದಿನ ಕಾಯ್ದೆ ಕಾಣದೆ ಹೋದವರನ್ನು ಇದು ಹೆಸರಿಟ್ಟೇ ಕರೆಯಿತು.

ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಿತು. ಅದೇ ವರ್ಷ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸಿದರು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡಿದ್ದರು. ಗುರುತಿನ ಪ್ರಮಾಣಪತ್ರವನ್ನು ನೀಡುವ ಅಧಿಕಾರವನ್ನು 2019ರ ಕಾಯ್ದೆ ಜಿಲ್ಲಾ ದಂಡಾಧಿಕಾರಿಗೆ ವಹಿಸಿತು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ವ್ಯವಸ್ಥೆ 2020ರಲ್ಲಿ ಬಂದರೂ, ಓದುಬರಹ ಬಾರದ ಅಥವಾ ಮನೆ ಬಿಟ್ಟಾಗ ದಾಖಲೆಗಳನ್ನು ಕಳೆದುಕೊಂಡ ಹಿರಿಯ ಜೋಗಪ್ಪನಿಗೆ ಅದು ಸಲೀಸಲ್ಲ. ಜಿಲ್ಲಾಧಿಕಾರಿ ಕಚೇರಿ ಇರುವ ಬೆಳಗಾವಿ ಅಥಣಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ.

ಸಾಹಿತ್ಯ ಮತ್ತು ಸಿನಿಮಾದಲ್ಲಿ

ಮರಾಠಿ ಲೇಖಕ ರಾಜನ್ ಗವಸ್ ಅವರ ‘ಚೌಂಡಕಂ’ ಮತ್ತು ‘ಭಂಡಾರಭೋಗ’ ಕಾದಂಬರಿಗಳು ಈ ಗಡಿಸೀಮೆಯ ಸಮರ್ಪಿತರ ಬದುಕನ್ನು ಚಿತ್ರಿಸಿವೆ. ಇವನ್ನು ಆಧರಿಸಿ ರಾಜೀವ್ ಪಾಟೀಲ್ 2009ರಲ್ಲಿ ‘ಜೋಗವಾ’ ಚಲನಚಿತ್ರವನ್ನು ನಿರ್ದೇಶಿಸಿದರು.